ಮೊದಲು ಕೆಲಸದ ಪಟ್ಟಿ, ಆಮೇಲೆ ಕಂಪ್ಯೂಟರು



ವಾರ್ಷಿಕ ಪರೀಕ್ಷೆ ಮುಗಿಯುವ ಹೊತ್ತಿಗೆ ನನಗೆ ಬರುವ ಪತ್ರಗಳ ವಿಷಯವೇ ಬದಲಾಗಿಬಿಡುತ್ತದೆ. ನೆಗಡಿಯ ಕಷಾಯ, ಮಗ್ಗಿಯ ಬಾಯಿಪಾಠ ಎಲ್ಲ ಹಿಂದಕ್ಕೆ ಸರಿದು ಸೈಕಲ್ಲು, ಈಜು, ಕಂಪ್ಯೂಟರು ಮುಂದಕ್ಕೆ ಬರುತ್ತವೆ. ಈ ಸಲ ಎರಡು ಪತ್ರಗಳು ಒಟ್ಟಿಗೇ ಬಂದವು. ಕೆ.ಆರ್. ಪುರದ ಅಜ್ಜ ಒಬ್ಬರು ಬರೆದಿದ್ದಾರೆ: “ಮೊಮ್ಮಗನಿಗೆ ಕಂಪ್ಯೂಟರ್ ಕೊಡಿಸಬೇಕಮ್ಮ. ಅಂಗಡಿಯವರು ಹೇಳುವುದರಲ್ಲಿ ಅರ್ಧ ಅರ್ಥವಾಗುವುದಿಲ್ಲ. ಅರ್ಥವಾದ ಅರ್ಧವನ್ನು ನಂಬಬಹುದೋ ಇಲ್ಲವೋ ಗೊತ್ತಿಲ್ಲ.” ಇಂದಿರಾನಗರದಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ಬರೆದಿದ್ದಾಳೆ: “ಅಜ್ಜಿ, ಗೇಮ್ ಆಡೋಕೂ ಆಗೋ ಕಂಪ್ಯೂಟರ್ ಬೇಕು ಅಂದ್ರೆ ಮನೇಲಿ ಬೈತಾರೆ. ಓದೋಕೆ ಅಂತ ಮಾತ್ರ ಹೇಳ್ಲಾ?”

ಇಬ್ಬರಿಗೂ ಒಂದೇ ಉತ್ತರ ಸಾಕು. ಕಂಪ್ಯೂಟರಿನ ಭಾಗಗಳನ್ನು ಆರಿಸುವ ಕೆಲಸ ಅಂಗಡಿಯಲ್ಲಿ ಶುರುವಾಗುವುದಿಲ್ಲ, ಮನೆಯಲ್ಲಿ ಒಂದು ಹಾಳೆಯ ಮೇಲೆ ಶುರುವಾಗುತ್ತದೆ. ಅದರಲ್ಲಿ ಯಾರು ಯಾರು ಏನೇನು ಮಾಡುತ್ತಾರೆ ಎಂದು ಮುಚ್ಚುಮರೆಯಿಲ್ಲದೆ ಬರೆದರೆ, ಯಾವ ಭಾಗಕ್ಕೆ ಎಷ್ಟು ದುಡ್ಡು ಎನ್ನುವುದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗುತ್ತದೆ. ಆದ್ದರಿಂದ ಮಗು, ಆಟ ಎನ್ನುವುದನ್ನೂ ಬರೆ. ಅದನ್ನು ಮುಚ್ಚಿಟ್ಟರೆ ಆಟಕ್ಕೂ ಆಗದ, ಕೆಲಸಕ್ಕೂ ಸಾಲದ ಪೆಟ್ಟಿಗೆಯೊಂದು ಮನೆಗೆ ಬಂದು ಕೂರುತ್ತದೆ.

ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತೇನೆ. ನಾವಿರುವುದು ಹಲಸೂರಿನಲ್ಲಿ. ನನ್ನ ಸೊಸೆ ಶಿವಾಜಿನಗರದ ಒಂದು ಪ್ರೆಸ್ಸಿಗೆ ಮನೆಯಲ್ಲೇ ಕೂತು ಲಗ್ನಪತ್ರಿಕೆಗಳ ಡಿಟಿಪಿ ಮಾಡುತ್ತಾಳೆ. ನಮ್ಮ ದಂಡು ಪ್ರದೇಶದ ಲಗ್ನಪತ್ರಿಕೆ ಎಂದರೆ ನಿಮಗೆ ಗೊತ್ತಲ್ಲ, ಒಂದು ಮನೆಯದು ಕನ್ನಡದಲ್ಲಿ, ಇನ್ನೊಂದು ಮನೆಯದು ತಮಿಳಿನಲ್ಲಿ, ಮತ್ತೊಂದು ಉರ್ದುವಿನಲ್ಲಿ, ಎಲ್ಲದರ ಹಿಂದೆಯೂ ಇಂಗ್ಲಿಷ್. ಅವಳ ಲ್ಯಾಪ್‌ಟಾಪು ಹಳೆಯದಾಗಿ, ಮುಹೂರ್ತಗಳು ಹೆಚ್ಚಿರುವ ತಿಂಗಳಲ್ಲೇ ಮೊಂಡು ಹಿಡಿಯತೊಡಗಿತ್ತು. ಪತ್ರಿಕೆ ಒಂದು ದಿನ ತಡವಾದರೆ ಪ್ರೆಸ್ಸಿನವರು ಮುಂದಿನ ಕೆಲಸವನ್ನು ಬೇರೆಯವರಿಗೆ ಕೊಡುತ್ತಾರೆ. ಇತ್ತ ಒಂಬತ್ತನೇ ತರಗತಿ ಮುಗಿಸಿದ ಮೊಮ್ಮಗನಿಗೆ ಗೇಮಿಂಗ್ ಕಂಪ್ಯೂಟರಿನ ಆಸೆ. ಎರಡು ಪೆಟ್ಟಿಗೆ ಕೊಳ್ಳುವ ಶಕ್ತಿ ನಮಗಿಲ್ಲ. 2025ರ ಮೇ ತಿಂಗಳಲ್ಲಿ ನನ್ನ ಹೆಸರಿನ ಚಿಕ್ಕದೊಂದು ಎಫ್‌ಡಿ ಮುಗಿದು ಕೈಗೆ ಬಂತು. ಅದರಲ್ಲಿ 55,000 ರೂಪಾಯಿ ಇದಕ್ಕೆಂದು ತೆಗೆದಿಟ್ಟೆ. ಅದರ ಮೇಲೆ ಒಂದು ರೂಪಾಯಿಯೂ ಇಲ್ಲ ಎಂದು ಮೊದಲೇ ಹೇಳಿದೆ.

ರಾತ್ರಿ ಊಟವಾದ ಮೇಲೆ ಒಂದು ಹಾಳೆ ಮನೆಯೆಲ್ಲ ಸುತ್ತಿತು. ಸೊಸೆ ಬರೆದದ್ದು: ಪುಟವಿನ್ಯಾಸ, ನಾಲ್ಕು ಭಾಷೆಯ ಅಕ್ಷರ, ಲೆಕ್ಕಪತ್ರ, ದಿನಕ್ಕೆ ಆರು ಗಂಟೆ. ಮೊಮ್ಮಗ: ಶಾಲೆಯ ಪ್ರಾಜೆಕ್ಟು, ಪೈಥಾನ್ ಕಲಿಕೆ, ಮೈನ್‌ಕ್ರಾಫ್ಟ್, ಕಾರು ಓಡಿಸುವ ಆಟ, ದಿನಕ್ಕೆ ಒಂದೂವರೆ ಗಂಟೆ. ನಾಲ್ಕನೇ ತರಗತಿಯ ಮೊಮ್ಮಗಳು: ಚಿತ್ರ ಬಿಡಿಸೋದು, ಅಣ್ಣ ಆಡುವಾಗ ಪಕ್ಕದಲ್ಲಿ ಕೂತು ನೋಡೋದು. ನಾನು: ಈ ಅಂಕಣದ ಟೈಪಿಂಗು, ಕರೆಂಟ್ ಬಿಲ್ಲು, ಹಳೆಯ ಹಾಡು. ಮಗ ಮಾತ್ರ “ಮನೆಯಲ್ಲಿ ಜಗಳ ಆಗದಿದ್ದರೆ ಸಾಕು” ಎಂದು ಬರೆದು ಮಲಗಲು ಹೋದ.

ಮೊಮ್ಮಗ ಮೊದಲು ಜಿಟಿಎ 5 ಎನ್ನುವ ಆಟವನ್ನೂ ಬರೆದಿದ್ದ. ಆಟಗಳಿಗೂ ಸಿನಿಮಾಗಳ ಹಾಗೆ ವಯಸ್ಸಿನ ಗುರುತು ಇರುತ್ತದೆ. ಯುರೋಪಿನ ಗುರುತಿನಲ್ಲಿ ಆ ಆಟಕ್ಕೆ 18 ಎಂದಿದೆ. “ಇದು ನಿನಗೆ ಇನ್ನೂ ನಾಲ್ಕು ವರ್ಷ ಆದಮೇಲೆ ಕಣೋ” ಎಂದೆ. ಹೊಡೆದುಹಾಕಿದ. ಅಜ್ಜ ಅಜ್ಜಿಯರೇ, ಆಟದ ಹೆಸರು ಅರ್ಥವಾಗದಿದ್ದರೂ ಪರವಾಗಿಲ್ಲ, ಆ ಅಂಕಿಯನ್ನು ಕೇಳಿ ತಿಳಿದುಕೊಳ್ಳಿ.

ಇನ್ನು ಭಾಗಗಳಿಗೆ ಬರೋಣ. ಕಂಪ್ಯೂಟರನ್ನು ಮದುವೆ ಮನೆಯ ಅಡುಗೆಶಾಲೆ ಅಂದುಕೊಳ್ಳಿ. ಪ್ರೊಸೆಸರ್ ಎಂದರೆ ಅಡುಗೆ ಭಟ್ಟರು. ಭಟ್ಟರ ಮುಂದಿರುವ ಕಟ್ಟೆ ರ‍್ಯಾಮ್; ಈಗ ಬೇಕಾದ ಸಾಮಾನೆಲ್ಲ ಅದರ ಮೇಲಿರಬೇಕು. ಕಟ್ಟೆ ಚಿಕ್ಕದಾದರೆ ಹೆಜ್ಜೆಹೆಜ್ಜೆಗೂ ಉಗ್ರಾಣಕ್ಕೆ ಓಡಬೇಕಾಗುತ್ತದೆ. ಉಗ್ರಾಣವೇ ಎಸ್‌ಎಸ್‌ಡಿ, ದೀಪ ಆರಿಸಿದರೂ ಅಲ್ಲಿನ ಸಾಮಾನು ಇದ್ದಲ್ಲೇ ಇರುತ್ತದೆ. ಮದರ್‌ಬೋರ್ಡ್ ಎನ್ನುವುದು ಅಡುಗೆಶಾಲೆಯ ನೆಲ ಮತ್ತು ಓಡಾಡುವ ದಾರಿ. ಎಸ್‌ಎಂಪಿಎಸ್ ಒಲೆಗಳಿಗೆಲ್ಲ ಉರಿ ಒದಗಿಸುವ ಸಿಲಿಂಡರು. ಗ್ರಾಫಿಕ್ಸ್ ಎಂದರೆ ಸಾಲಾಗಿ ಕೂತು ಹೋಳಿಗೆ ತಟ್ಟುವವರ ಗುಂಪು. ಭಟ್ಟರಿಗೆ ಬರುವಷ್ಟು ಬಗೆಯ ಅಡುಗೆ ಅವರಿಗೆ ಬರುವುದಿಲ್ಲ, ಆದರೆ ಒಂದೇ ಕೆಲಸವನ್ನು ನೂರಾರು ಕೈಗಳು ಒಟ್ಟಿಗೆ ಮಾಡುತ್ತವೆ.

ಆಟಕ್ಕೆ ಇಷ್ಟೊಂದು ಕೈ ಯಾಕೆ ಬೇಕು? ಮಕ್ಕಳೇ, ಒಂದು ಲೆಕ್ಕ ಮಾಡಿ. ಸಾಮಾನ್ಯ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಗುಣಿಸಿದರೆ 20,73,600. ಆಟದ ಚಿತ್ರ ತಡವರಿಸದೆ ಓಡಬೇಕಾದರೆ ಸೆಕೆಂಡಿಗೆ 60 ಚಿತ್ರ ಬೇಕು. ಅಂದರೆ ಒಂದು ಸೆಕೆಂಡಿನಲ್ಲಿ 12 ಕೋಟಿ 44 ಲಕ್ಷ ಚುಕ್ಕಿಗಳಿಗೆ ಬಣ್ಣ ಹಚ್ಚಬೇಕು. ಲಗ್ನಪತ್ರಿಕೆಯ ಪುಟ ನಿಂತಲ್ಲೇ ನಿಂತಿರುತ್ತದೆ. ಕಾರಿನ ಆಟದಲ್ಲಿ ಮರ, ರಸ್ತೆ, ನೆರಳು ಎಲ್ಲ ಓಡುತ್ತಿರುತ್ತವೆ. ಅದಕ್ಕೇ ಗ್ರಾಫಿಕ್ಸ್ ಕಾರ್ಡ್ ಎಂಬ ಬೇರೆ ಭಾಗವನ್ನು ಮಾರುತ್ತಾರೆ. ನಮ್ಮಂಥ ಬಜೆಟ್ಟಿನಲ್ಲಿ ಅದೊಂದೇ ಮೂರನೇ ಒಂದು ಪಾಲನ್ನು ನುಂಗಿಬಿಡುತ್ತದೆ.

ಇಲ್ಲಿ ನಮಗೆ ದಾರಿ ತೋರಿಸಿದವನು ಮೊಮ್ಮಗನೇ. ಕೆಲವು ಪ್ರೊಸೆಸರುಗಳ ಒಳಗೇ ಚಿಕ್ಕದೊಂದು ಗ್ರಾಫಿಕ್ಸ್ ಭಾಗ ಇರುತ್ತದೆ. ಭಟ್ಟರು ತಮ್ಮ ಜೊತೆಗೇ ಹೋಳಿಗೆಯವರ ಸಣ್ಣ ತಂಡವನ್ನು ಕರೆದುಕೊಂಡು ಬಂದ ಹಾಗೆ. ಅವನು ಆರಿಸಿದ್ದು ಎಎಂಡಿ ಕಂಪನಿಯ ರೈಜೆನ್ 5 5600ಜಿ. ಅದು 2021ರಲ್ಲಿ ಬಂದದ್ದು. ಆರು ಕೋರ್, ಅಂದರೆ ಒಟ್ಟಿಗೆ ಕೆಲಸ ಮಾಡುವ ಆರು ಭಟ್ಟರು. ಕೊನೆಯ ‘ಜಿ’ ಅಕ್ಷರವೇ ಮುಖ್ಯ. ಜಿ ಇಲ್ಲದ 5600 ಕೊಂಡರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೂ ಅದೇ ಕಥೆ. ಬೇರೆ ಕಾರ್ಡ್ ಹಾಕದಿದ್ದರೆ ಮಾನಿಟರಿನಲ್ಲಿ ಏನೂ ಕಾಣುವುದಿಲ್ಲ. ಒಂದಕ್ಷರ ತಪ್ಪಿದರೆ ಸಾವಿರಾರು ರೂಪಾಯಿ ಮತ್ತೆ ಹಾಕಬೇಕು.

“ಈ ಚಿಕ್ಕ ತಂಡದಿಂದ ದೊಡ್ಡ ಆಟ ಆಗುತ್ತೇನೋ?” ಎಂದು ಕೇಳಿದೆ. “ಮೈನ್‌ಕ್ರಾಫ್ಟ್ ಚೆನ್ನಾಗಿ ಓಡುತ್ತೆ ಅಜ್ಜಿ. ಕಾರ್ ಗೇಮಿಗೆ ಸೆಟ್ಟಿಂಗ್ ಕಮ್ಮಿ ಇಟ್ಕೋಬೇಕು. ಆದರೆ ರ‍್ಯಾಮ್ ಮಾತ್ರ ಎರಡು ಇರಬೇಕು” ಎಂದ. ಅವನ ಮಾತು ಸರಿ. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಕಟ್ಟೆ ಇಲ್ಲ, ಅದು ಭಟ್ಟರ ಕಟ್ಟೆಯನ್ನೇ ಹಂಚಿಕೊಳ್ಳುತ್ತದೆ. 16 ಜಿಬಿಯ ಒಂದೇ ರ‍್ಯಾಮ್ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಹಾಕಿದರೆ ಸಾಮಾನು ಸಾಗಿಸಲು ಎರಡು ದಾರಿ ತೆರೆಯುತ್ತವೆ. ಒಟ್ಟು ಅಷ್ಟೇ, ದುಡ್ಡೂ ಹೆಚ್ಚು ಕಡಿಮೆ ಅಷ್ಟೇ, ಆಟ ಮಾತ್ರ ಚುರುಕು.

ಉಗ್ರಾಣದ ವಿಷಯ. ಹಳೆಯ ಕಾಲದ ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 100ರಿಂದ 200 ಎಂಬಿ ಓದುತ್ತದೆ. ಸಾಟಾ ಎಸ್‌ಎಸ್‌ಡಿ ಸುಮಾರು 550. ಮದರ್‌ಬೋರ್ಡಿಗೇ ಕೂರುವ, ಚ್ಯೂಯಿಂಗ್ ಗಮ್ ಪಟ್ಟಿಯಂಥ ಎನ್‌ವಿಎಂಇ ಎಸ್‌ಎಸ್‌ಡಿ 3,000 ದಾಟುತ್ತದೆ. ಆದ್ದರಿಂದ ಕಂಪ್ಯೂಟರ್ ಬೇಗ ಏಳಬೇಕಾದರೆ ಎಸ್‌ಎಸ್‌ಡಿ ಬೇಕೇ ಬೇಕು. ಹಳೆಯ ಫೋಟೋ, ವಿಡಿಯೊ ಇಡಲು ಹಾರ್ಡ್‌ಡಿಸ್ಕ್ ಆಮೇಲೆ ಸೇರಿಸಿಕೊಳ್ಳಬಹುದು.

ಹೊಂದಾಣಿಕೆ ಇನ್ನೊಂದು ವಿಷಯ. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಗಾಡಿಗಳ ಬಿಡಿಭಾಗ ಹುಡುಕಿದವರಿಗೆ ಇದು ಗೊತ್ತು: ಭಾಗ ಎಷ್ಟೇ ಚೆನ್ನಾಗಿರಲಿ, ನಿಮ್ಮ ಗಾಡಿಗೆ ಕೂರದಿದ್ದರೆ ಅದು ಬರೀ ಕಬ್ಬಿಣ. ಇಲ್ಲೂ ಹಾಗೆಯೇ. 5600ಜಿ ಕೂರುವುದು ಎಎಂ4 ಎಂಬ ಸಾಕೆಟ್ಟಿಗೆ. ಹೊಸ ಎಎಂ5 ಬೋರ್ಡಿಗೆ ಅದು ಬಾರದು. ಡಿಡಿಆರ್4 ರ‍್ಯಾಮ್ ಡಿಡಿಆರ್5 ಜಾಗಕ್ಕೆ ಕೂರದಂತೆ ಅದರ ಕಚ್ಚನ್ನೇ ಬೇರೆ ಕಡೆ ಮಾಡಿರುತ್ತಾರೆ. ಒಳಗಿನ ಗ್ರಾಫಿಕ್ಸ್ ಬಳಸುವುದಾದರೆ ಬೋರ್ಡಿನ ಹಿಂದೆ ಎಚ್‌ಡಿಎಂಐ ತೂತು ಇದೆಯೇ, ಅದು ಮಾನಿಟರಿಗೂ ಇದೆಯೇ ನೋಡಬೇಕು. ತುಂಬ ದಿನ ಅಂಗಡಿಯಲ್ಲೇ ಇದ್ದ ಬೋರ್ಡಾದರೆ ಈ ಪ್ರೊಸೆಸರಿಗೆ ಬೇಕಾದ ಬಯಾಸ್ ಹಾಕಿದ್ದೀರಾ ಎಂದು ಕೇಳಬೇಕು.

ಎಸ್‌ಎಂಪಿಎಸ್ ವಿಚಾರಕ್ಕೆ ಬಂದಾಗ ಮನೆಯವರೆಲ್ಲ ನನ್ನ ಮುಖ ನೋಡಿದರು. ನಾನು ಕೆಲಸ ಮಾಡಿ ನಿವೃತ್ತಳಾದದ್ದು ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ. ಕೆ.ಆರ್. ಪುರದ ಹಿರಿಯರಿಗೆ ಅದನ್ನು ಪರಿಚಯಿಸಬೇಕಿಲ್ಲ. ಮಕ್ಕಳಿಗಾಗಿ ಹೇಳುತ್ತೇನೆ, 1948ರಲ್ಲಿ ಶುರುವಾದ ಆ ಕಾರ್ಖಾನೆಯಿಂದಲೇ ದೇಶದ ಮನೆಮನೆಗೆ ಕಪ್ಪು ಬಣ್ಣದ, ಬೆರಳಿಟ್ಟು ತಿರುಗಿಸುವ ಟೆಲಿಫೋನುಗಳು ಹೋದವು. ಟೆಲಿಫೋನ್ ಎಕ್ಸ್‌ಚೇಂಜ್ ನಡೆಯುವುದು 48 ವೋಲ್ಟಿನ ಡಿಸಿ ಕರೆಂಟಿನಲ್ಲಿ. ಆ ಕರೆಂಟು ಏರಿಳಿಯದೆ ಬಂದರೆ ಮಾತ್ರ ಉಳಿದದ್ದೆಲ್ಲ ಕೆಲಸ ಮಾಡುತ್ತದೆ ಎನ್ನುವುದು ಅಲ್ಲಿ ಎಲ್ಲರಿಗೂ ಮೊದಲ ಪಾಠ. ಕಂಪ್ಯೂಟರಿನಲ್ಲಿ ಆ ಕೆಲಸ ಎಸ್‌ಎಂಪಿಎಸ್‌ನದು. ಗೋಡೆಯ 230 ವೋಲ್ಟ್ ಎಸಿಯನ್ನು ಅದು 12, 5, 3.3 ವೋಲ್ಟಿನ ಡಿಸಿಯಾಗಿ ಮಾಡಿಕೊಡುತ್ತದೆ. ಅದು ಕೆಟ್ಟರೆ ತಾನೊಂದೇ ಕೆಡುವುದಿಲ್ಲ, ಕೆಲವು ಸಲ ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಅಗ್ಗದ ಡಬ್ಬಿಗಳ ಮೇಲೆ ಬರೆದ ವ್ಯಾಟ್ ಎಲ್ಲ ನಿಜವಲ್ಲ. ಹೆಸರಿರುವ ಕಂಪನಿಯದು, ‘80 ಪ್ಲಸ್ ಬ್ರಾಂಜ್’ ಎಂಬ ಗುರುತಿರುವುದು ತೆಗೆದುಕೊಳ್ಳಿ. ಅರ್ಧ ಹೊರೆ ಇರುವಾಗ ಗೋಡೆಯಿಂದ ಎಳೆದ ಕರೆಂಟಿನಲ್ಲಿ ಸುಮಾರು 85 ಪಾಲು ಕೆಲಸಕ್ಕೆ ಹೋಗುತ್ತದೆ, ಉಳಿದದ್ದಷ್ಟೇ ಬಿಸಿಯಾಗಿ ಪೋಲಾಗುತ್ತದೆ ಎಂದು ಆ ಗುರುತಿನ ಅರ್ಥ. ನಮ್ಮ ಪೆಟ್ಟಿಗೆಗೆ 150 ವ್ಯಾಟ್ ಧಾರಾಳವಾಯಿತು. ಆದರೂ 550 ವ್ಯಾಟಿನದು ಬರೆದುಕೊಂಡೆವು, ಮುಂದೆ ಕಾರ್ಡ್ ಸೇರಿಸಿದರೆ ಮತ್ತೆ ಕೊಳ್ಳಬಾರದಲ್ಲ. ಎಸ್‌ಎಂಪಿಎಸ್ ದೊಡ್ಡದಾದರೆ ಕರೆಂಟ್ ಬಿಲ್ ಹೆಚ್ಚುತ್ತದೆ ಎಂದು ಹೆದರಬೇಡಿ. ಒಳಗಿನ ಭಾಗಗಳು ಕೇಳಿದಷ್ಟನ್ನೇ ಅದು ಎಳೆಯುತ್ತದೆ. 100 ವ್ಯಾಟ್ ಹತ್ತು ಗಂಟೆ ಉರಿದರೆ ಒಂದು ಯೂನಿಟ್, ಇಷ್ಟೇ ಲೆಕ್ಕ.

ಪಟ್ಟಿ ಹಿಡಿದು ಒಂದು ಶನಿವಾರ ನಾನು, ಮೊಮ್ಮಗ ಎಸ್.ಪಿ. ರಸ್ತೆಗೆ ಹೊರಟೆವು. ನಮ್ಮ ಪೂರ್ವದ ಬಡಾವಣೆಗಳಲ್ಲೂ ಕಂಪ್ಯೂಟರ್ ಅಂಗಡಿಗಳಿವೆ, ಆದರೆ ಬಿಡಿಭಾಗಗಳ ಸಂತೆ ಎಂದರೆ ಪೇಟೆಯ ಆ ರಸ್ತೆಯೇ. ಹಲಸೂರಿನಲ್ಲಿ ನೇರಳೆ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು ನಡೆದರೆ ಆಯಿತು.

ದಾರಿಯಲ್ಲಿ ಹುಡುಗ “ಅಜ್ಜಿ, ಈ ಚಿಪ್ಪೆಲ್ಲ ಫಾರಿನ್ನಲ್ಲೇ ಮಾಡ್ತಾರಲ್ವಾ?” ಎಂದ. ಅರ್ಧ ನಿಜ. ಉಗುರಿನಷ್ಟಗಲದ ತುಂಡಿನಲ್ಲಿ ಸಾವಿರ ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರುಗಳಿರುವ ಈ ಪ್ರೊಸೆಸರನ್ನು ಅಚ್ಚು ಹಾಕುವುದು ತೈವಾನಿನ ಟಿಎಸ್‌ಎಂಸಿ ಕಾರ್ಖಾನೆ. ಆದರೆ ಚಿಪ್ಪಿನ ನಕ್ಷೆ ಬರೆಯುವ ಕೆಲಸ ಬೆಂಗಳೂರಿಗೆ ಹೊಸದಲ್ಲ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದದ್ದು ನಮ್ಮ ದಂಡಿನ ಮಿಲ್ಲರ್ಸ್ ರಸ್ತೆಯಲ್ಲೇ, ಸೋನಾ ಟವರ್ಸ್ ಕಟ್ಟಡದಲ್ಲಿ. ಅಮೆರಿಕಕ್ಕೆ ಉಪಗ್ರಹದ ಮೂಲಕ ಮಾಹಿತಿ ಕಳಿಸುವ ಸಲಕರಣೆಯನ್ನು ಅಲ್ಲಿಗೆ ಎತ್ತಿನ ಗಾಡಿಯಲ್ಲಿ ಸಾಗಿಸಿದರು ಎಂಬ ಕಥೆಯನ್ನು ಇವತ್ತಿಗೂ ಹೇಳುತ್ತಾರೆ. 2023ರ ನವೆಂಬರಿನಲ್ಲಿ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದೂ ಬೆಂಗಳೂರಿನಲ್ಲೇ. “ಹಾಗಾದ್ರೆ ನಮ್ಮ ಮೆಟ್ರೊದಲ್ಲೇ ಚಿಪ್ ಮಾಡೋರು ಕೂತಿರಬಹುದು” ಎಂದು ಹುಡುಗ ಸುತ್ತ ನೋಡಿದ. ಇರಬಹುದು ಮರಿ, ಯಾರು ಬಲ್ಲರು.

ಎಸ್.ಪಿ. ರಸ್ತೆಯಲ್ಲಿ ಮೊದಲ ಅಂಗಡಿಯವರು ತೋರಿಸಿದ್ದು ಬಳಸಿದ ಕಂಪ್ಯೂಟರು. “ಅಮ್ಮಾ, ಐ5 ಇದು, ಹದಿನೈದು ಸಾವಿರಕ್ಕೆ ಕೊಡ್ತೀನಿ.” ಮೊಮ್ಮಗ ಹೆಸರಿನ ಮುಂದಿನ ಅಂಕಿ ಓದಿದ: ಐ5-4570. ಮಕ್ಕಳೇ, ಇಂಟೆಲ್‌ನ ಈ ಹೆಸರುಗಳಲ್ಲಿ ಅಡ್ಡಗೆರೆಯ ನಂತರ ಬರುವುದೇ ತಲೆಮಾರು. 4570 ಎಂದರೆ ನಾಲ್ಕನೇ ತಲೆಮಾರು, 2013ರದು. ಐ3-12100 ಎಂದರೆ ಹನ್ನೆರಡನೆಯದು, 2022ರದು. ಹೆಸರಿನಲ್ಲಿ ಐ3 ಇದ್ದರೂ ಹೊಸದು ಹಳೆಯ ಐ5ಕ್ಕಿಂತ ಎಷ್ಟೋ ಚುರುಕು. ಜೊತೆಗೆ ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯದನ್ನು ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಹಾಕಿಕೊಂಡು ಓದು ಬರಹಕ್ಕೆ ಬಳಸುವವರಿಗೆ ಅಂಥ ಹಳೆಯ ಪೆಟ್ಟಿಗೆ ಸಾಕು. ನಮ್ಮ ಪಟ್ಟಿಗೆ ಸಾಲದು.

ಇನ್ನೊಂದು ಅಂಗಡಿಯಲ್ಲಿ ನಿಜವಾದ ಪರೀಕ್ಷೆ ಕಾದಿತ್ತು. ಗಾಜಿನ ಕ್ಯಾಬಿನೆಟ್ಟು, ಒಳಗೆ ಬಣ್ಣಬಣ್ಣದ ದೀಪ ಸುತ್ತುವ ಫ್ಯಾನುಗಳು, ಗ್ರಾಫಿಕ್ಸ್ ಕಾರ್ಡು ಎಲ್ಲ ಸೇರಿ 52,000. “ಫುಲ್ ಗೇಮಿಂಗ್ ಸೆಟ್ಟು ಅಮ್ಮ, ಮಗು ಖುಷಿಪಡುತ್ತೆ.” ಹುಡುಗನ ಕಣ್ಣು ಆ ದೀಪಗಳನ್ನು ಬಿಟ್ಟು ಕದಲಲಿಲ್ಲ. ನಾನು ಬೇಕೆಂದೇ ಸುಮ್ಮನಿದ್ದೆ. ದುಡ್ಡು ನನ್ನದಾದರೂ ಪಟ್ಟಿ ಎಲ್ಲರದು. ಅದು ಅವನ ಜೇಬಿನಲ್ಲೇ ಇತ್ತು. ಕೊನೆಗೆ ಅದನ್ನು ತೆಗೆದು ಒಂದೊಂದಾಗಿ ನೋಡಿದ. ರ‍್ಯಾಮ್ 8 ಜಿಬಿ, ಒಂದೇ ಪಟ್ಟಿ. ಬಗ್ಗಿ ಎಸ್‌ಎಂಪಿಎಸ್‌ನ ಚೀಟಿ ಓದಿದ. “ಅಣ್ಣ, ಇದರಲ್ಲಿ 80 ಪ್ಲಸ್ ಇಲ್ವಲ್ಲ?” “ಅದೆಲ್ಲ ಯಾರೂ ಕೇಳಲ್ಲ ಬಿಡಪ್ಪ, ವ್ಯಾಟ್ಸ್ ಜಾಸ್ತಿ ಇದೆ ನೋಡು.” “ಮಾನಿಟರ್?” “ಅದು ಬೇರೆ.” ಹುಡುಗ ಇನ್ನೊಂದು ಸಲ ದೀಪಗಳ ಕಡೆ ನೋಡಿ, ನನ್ನ ಸೆರಗು ಎಳೆದು ಮೆಲ್ಲಗೆ ಹೇಳಿದ: “ಇದು ತಗೊಂಡ್ರೆ ಅಮ್ಮನಿಗೆ ಮಾನಿಟರ್ ಬರಲ್ಲ ಅಜ್ಜಿ. ಬೇಡ.”

ಅವನ ತಾಯಿಗೆ ಆಗ ಎಲ್ಲಕ್ಕಿಂತ ಬೇಕಿದ್ದದ್ದು ಮಾನಿಟರೇ. ಲಗ್ನಪತ್ರಿಕೆಯಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಇಡೀ ಕಟ್ಟು ಮರುಮುದ್ರಣ. ಬದಿಯಿಂದ ನೋಡಿದರೂ ಬಣ್ಣ ಬದಲಾಗದ ಐಪಿಎಸ್ ಪರದೆ, 24 ಇಂಚಿನದು ಇದ್ದರೆ ಕಣ್ಣಿಗೂ ಹಿತ, ಕುಂಕುಮದ ಕೆಂಪು ಕುಂಕುಮದ ಹಾಗೇ ಕಾಣುತ್ತದೆ.

ಅದೇ ಅಂಗಡಿಯವರಿಗೆ ನಮ್ಮ ಪಟ್ಟಿ ಕೊಟ್ಟೆವು. ಓದಿ ನಕ್ಕು, “ಯಾರಮ್ಮ ಬರೆದಿದ್ದು, ಸರಿಯಾಗಿದೆ” ಎಂದು ಕೊಟೇಶನ್ ಬರೆದುಕೊಟ್ಟರು. ಎರಡು ಕಡೆ ವಿಚಾರಿಸಿ ಕೊನೆಗೆ ಅವರಲ್ಲೇ ಕೊಂಡೆವು. ನನ್ನ ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕ ಹೀಗಿದೆ, ಜಿಎಸ್‌ಟಿ ಸೇರಿ, ನೂರರ ಲೆಕ್ಕಕ್ಕೆ ಸರಿಮಾಡಿ:

ಪ್ರೊಸೆಸರ್ (ಫ್ಯಾನ್ ಸಹಿತ): 12,000
ಮದರ್‌ಬೋರ್ಡ್: 7,000
ರ‍್ಯಾಮ್, 8 ಜಿಬಿಯ ಎರಡು: 3,500
ಎನ್‌ವಿಎಂಇ ಎಸ್‌ಎಸ್‌ಡಿ, 500 ಜಿಬಿ: 3,300
ಎಸ್‌ಎಂಪಿಎಸ್, 550 ವ್ಯಾಟ್: 4,300
ಗಾಳಿಯಾಡುವ ಸಾದಾ ಕ್ಯಾಬಿನೆಟ್: 2,700
ಮಾನಿಟರ್, 24 ಇಂಚು: 8,000
ಕೀಬೋರ್ಡ್, ಮೌಸ್: 1,200
ಯುಪಿಎಸ್: 3,000
ವಿಂಡೋಸ್ ಲೈಸೆನ್ಸ್: 9,000
ಒಟ್ಟು: 54,000

ಈ ಅಂಕಿಗಳನ್ನು ಹಾಗೇ ಹಿಡಿದುಕೊಂಡು ಅಂಗಡಿಗೆ ಹೋಗಬೇಡಿ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜೋರಾಗಿ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ರಾಶಿ ರಾಶಿ ಕೊಳ್ಳುತ್ತಿರುವುದೇ ಅದಕ್ಕೆ ಮುಖ್ಯ ಕಾರಣ. ಹಾಗಾಗಿ ನಮ್ಮ ಪಟ್ಟಿಯಲ್ಲಿ ಬೆಲೆಗಿಂತ ಪಾಲನ್ನು ನೋಡಿ: ಪ್ರೊಸೆಸರ್, ಬೋರ್ಡ್ ಸೇರಿ ಮೂರನೇ ಒಂದು ಪಾಲಿಗೆ ಸ್ವಲ್ಪ ಹೆಚ್ಚು, ಕಣ್ಣಿಗೆ ಮತ್ತು ಕರೆಂಟಿಗೆ ಸಂಬಂಧಪಟ್ಟದ್ದರಲ್ಲಿ ಜಿಪುಣತನ ಇಲ್ಲ, ದೀಪ, ಗಾಜು ಇವಕ್ಕೆ ಸೊನ್ನೆ.

ಲೈಸೆನ್ಸಿಗೆ ಒಂಬತ್ತು ಸಾವಿರ ಎಂದಾಗ ಅನೇಕರು ಹುಬ್ಬೇರಿಸುತ್ತಾರೆ. “ಅದನ್ನ ನಾವೇ ಹಾಕ್ಕೊಡ್ತೀವಿ” ಎನ್ನುವ ಅಂಗಡಿಗಳು ಉಂಟು. ಕದ್ದ ಸಾಫ್ಟ್‌ವೇರಿನ ಜೊತೆ ವೈರಸ್ಸೂ ಬರಬಹುದು, ಬೇರೆ ಮನೆಗಳ ಮದುವೆಯ ವಿವರ ಇರುವ ಕಂಪ್ಯೂಟರಿಗೆ ಅದು ತಕ್ಕದ್ದಲ್ಲ. ದುಡ್ಡಿಲ್ಲದಿದ್ದರೆ ಉಬುಂಟುವಿನಂಥ ಲಿನಕ್ಸ್ ಉಚಿತವಾಗಿ ಸಿಗುತ್ತದೆ, ಕನ್ನಡ ಟೈಪಿಂಗೂ ಆಗುತ್ತದೆ, ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯೂ ಓಡುತ್ತದೆ. ನಮ್ಮ ಸೊಸೆಯ ಪುಟವಿನ್ಯಾಸದ ಸಾಫ್ಟ್‌ವೇರ್ ವಿಂಡೋಸನ್ನೇ ಕೇಳುವುದರಿಂದ ನಾವು ಮೊದಲೇ ಅದನ್ನು ಪಟ್ಟಿಗೆ ಸೇರಿಸಿದ್ದೆವು.

ಭಾಗಗಳನ್ನು ಅಂಗಡಿಯಲ್ಲೇ ಜೋಡಿಸಿದರು. ಮೊಮ್ಮಗ ಪಕ್ಕದಲ್ಲೇ ನಿಂತು ನೋಡಿದ. ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಇಳಿಸಿಕೊಳ್ಳಬೇಕು ಎನ್ನುವುದನ್ನು ಅಲ್ಲೇ ಕಲಿತ. ನಾನು ಮಾಡಿದ್ದು ಮೂರು ಕೆಲಸ. ಡಬ್ಬಿಗಳೆಲ್ಲ ನಮ್ಮೆದುರೇ ಒಡೆಯಬೇಕು ಎಂದೆ. ಪ್ರತಿ ಭಾಗದ ಸೀರಿಯಲ್ ನಂಬರನ್ನು ಬಿಲ್ಲಿನ ಮೇಲೆ ಬರೆಸಿದೆ. ವಾರಂಟಿ ಕೇಳುವಾಗ ಅದೇ ಸಾಕ್ಷಿ. ಯಂತ್ರ ಆನ್ ಆಗಿ ಪರದೆಯಲ್ಲಿ ಪ್ರೊಸೆಸರಿನ ಹೆಸರು, ರ‍್ಯಾಮಿನ ಅಳತೆ ಕಾಣಿಸಿದ ಮೇಲೆ ದುಡ್ಡು ಕೊಟ್ಟೆ.

ಮನೆಗೆ ತಂದ ಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಮೂರು ಪಿನ್ನಿನ ಪ್ಲಗ್ಗಿಗೆ ಅರ್ತಿಂಗ್ ಇದೆಯೇ ಎಂದು ನೋಡಿಸಿದೆವು. ಹಲಸೂರಿನ ಹಳೆಯ ಮನೆಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ತಂತಿ ಇರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎಂದರೆ ಅದೇ ಕಾರಣ. ಯುಪಿಎಸ್ ಇರುವುದು ಗಂಟೆಗಟ್ಟಲೆ ನಡೆಸಲು ಅಲ್ಲ. ಬೇಸಿಗೆಯ ಸಂಜೆ ಮಳೆಗೆ ಕರೆಂಟ್ ಹೋದಾಗ ಕೆಲಸ ಸೇವ್ ಮಾಡಿ ನಿಧಾನವಾಗಿ ಆಫ್ ಮಾಡಲು.

ಆಮೇಲೆ ಹೇಗೆ ನಡೆಯಿತು ಎನ್ನುತ್ತೀರಾ? ಹತ್ತರಿಂದ ನಾಲ್ಕರವರೆಗೆ ಅದು ಸೊಸೆಯದು. ಮುಹೂರ್ತದ ತಿಂಗಳುಗಳಲ್ಲಿ ಒಂದು ಪತ್ರಿಕೆಯೂ ತಡವಾಗಲಿಲ್ಲ. ಸಂಜೆ ಒಂದೂವರೆ ಗಂಟೆ ಮೊಮ್ಮಗನದು, ಪಕ್ಕದ ಸ್ಟೂಲು ತಂಗಿಯದು. ಕಾರಿನ ಆಟದಲ್ಲಿ ನೆರಳು, ಹೊಳಪು ಎಲ್ಲ ಕಡಿಮೆ ಇಟ್ಟುಕೊಂಡಿದ್ದಾನೆ, ಕಾರಂತೂ ಓಡುತ್ತದೆ. ಗ್ರಾಫಿಕ್ಸ್ ಕಾರ್ಡಿಗೆಂದು ಒಂದು ಡಬ್ಬಿ ಇಟ್ಟಿದ್ದಾನೆ. ಹಬ್ಬದ ಕಾಣಿಕೆ ಅದಕ್ಕೇ ಬೀಳುತ್ತದೆ. ಬೋರ್ಡಿನಲ್ಲಿ ಜಾಗ ಇದೆ, ಎಸ್‌ಎಂಪಿಎಸ್‌ನಲ್ಲಿ ಶಕ್ತಿ ಇದೆ, ಅವನಲ್ಲಿ ತಾಳ್ಮೆಯೂ ಇದೆ ಎಂದು ಆ ಅಂಗಡಿಯಲ್ಲೇ ನನಗೆ ಗೊತ್ತಾಯಿತು.

ಈಗ ನಿಮಗೊಂದು ಮನೆಪಾಠ. ಮಕ್ಕಳೇ, ಒಂದು ಹಾಳೆಯಲ್ಲಿ ಮೂರು ಕಲಂ ಎಳೆಯಿರಿ: ಯಾರು, ಏನು ಕೆಲಸ, ದಿನಕ್ಕೆ ಎಷ್ಟು ಹೊತ್ತು. ಮನೆಯ ಪ್ರತಿಯೊಬ್ಬರನ್ನೂ ಕೇಳಿ, ಅಜ್ಜ ಅಜ್ಜಿಯನ್ನು ಬಿಡಬೇಡಿ. ಆಟವನ್ನು ಆಟ ಎಂದೇ ಬರೆಯಿರಿ. ಅಜ್ಜ ಅಜ್ಜಿಯರೇ, ಅದರ ಕೆಳಗೆ ನಿಮ್ಮ ಕೈಲಾಗುವ ಮೊತ್ತವನ್ನು ಸ್ಪಷ್ಟವಾಗಿ ಬರೆದು ಗೆರೆ ಎಳೆಯಿರಿ. ಕಂಪ್ಯೂಟರ್ ಕೊಳ್ಳುವುದು ಈ ವರ್ಷವೋ ಮುಂದಿನ ವರ್ಷವೋ, ಹಾಳೆ ಮಾತ್ರ ಈ ಭಾನುವಾರವೇ ಸಿದ್ಧವಾಗಲಿ. ನನಗೂ ಒಂದು ಪ್ರತಿ ಕಳಿಸಿ, ಓದಿ ಉತ್ತರ ಬರೆಯುತ್ತೇನೆ.

ಮುಂದಿನ ವಾರ ಬೇಸಿಗೆ ರಜೆಯ ಇನ್ನೊಂದು ದೊಡ್ಡ ಬೇಡಿಕೆ: ಸೈಕಲ್ಲು. ಗೇರ್ ಬೇಕೋ ಬೇಡವೋ?